ಯುಪ್ಪಾಲ್, ಕೀಮೆರಾ ಎಕ್ಸ್, ಡಿರಿಯಲ್, ಝೆಡ್3: ನಿಮ್ಮ ಯಂತ್ರಕ್ಕೆ ಯಾವ ಟೂಲ್?

ಮೋಟಾರ್, ವಾಲ್ವ್, ರೈಲಿನ ಬ್ರೇಕ್, ಪೇಸ್‌ಮೇಕರ್. ಇವನ್ನು ನಡೆಸುವ ಪ್ರೋಗ್ರಾಂ ಅಪಾಯಕ್ಕೆ ಎಡೆ ಕೊಡುವುದಿಲ್ಲ ಎಂದು ಗಣಿತದ ತರ್ಕದಿಂದ, ಕಂಪ್ಯೂಟರಿನ ಕೈಯಲ್ಲೇ ಸಾಧಿಸಿ (ಪ್ರೂವ್ ಮಾಡಿ) ತೋರಿಸಬಹುದು. ಅದಕ್ಕೆ ಹತ್ತಾರು ಟೂಲ್‌ಗಳಿವೆ. ಸುಮಾರಷ್ಟು ಉಚಿತ. ಗೊಂದಲ ಶುರುವಾಗುವುದೂ ಅಲ್ಲೇ. ಪ್ರಾಜೆಕ್ಟ್ ಹುಡುಕುವ ಎಂ.ಟೆಕ್ ವಿದ್ಯಾರ್ಥಿಗಳಿಗೂ, ಬೆಂಗಳೂರಿನಲ್ಲಿ ವಿಮಾನ ಮತ್ತು ವಾಹನಗಳ ಸಾಫ್ಟ್‌ವೇರ್ ಬರೆಯುವವರಿಗೂ ಬರುವ ಪ್ರಶ್ನೆ ಒಂದೇ: ಯುಪ್ಪಾಲ್ ಕಲಿಯಬೇಕಾ, ಕೀಮೆರಾ ಎಕ್ಸ್ ಕಲಿಯಬೇಕಾ, ಇಲ್ಲ ಝೆಡ್3 ಸಾಕಾ?

ಎಲ್ಲ ಟೂಲ್‌ಗಳೂ ಕೊನೆಗೆ "ಸುರಕ್ಷಿತ" ಎಂದೋ "ಸುರಕ್ಷಿತವಲ್ಲ" ಎಂದೋ ಹೇಳುತ್ತವೆ. ಆದರೆ ಒಂದೊಂದು ಕೊಡುವ ಭರವಸೆ ಒಂದೊಂದು ಥರ. ನಿಮಗೆ ಯಾವ ಭರವಸೆ ಬೇಕು ಎಂದು ಮೊದಲು ತೀರ್ಮಾನಿಸಿದರೆ ಅರ್ಧ ಪಟ್ಟಿ ತಾನಾಗಿ ಖಾಲಿಯಾಗುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು. ಅದಕ್ಕೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಈ ವಿಷಯದ ಪಾಠಗಳಲ್ಲೆಲ್ಲ ಬರುವ ನೀರಿನ ಟ್ಯಾಂಕ್ ಇದು, ನಮ್ಮ ಮನೆಗಳ ಮೇಲೂ ಇದೆ. ಟ್ಯಾಂಕಿನ ಎತ್ತರ 100 ಸೆಂ.ಮೀ. ಮೋಟಾರ್ ಓಡಿದರೆ ನೀರು ನಿಮಿಷಕ್ಕೆ 2 ಸೆಂ.ಮೀ. ಏರುತ್ತದೆ. ಮನೆಯವರ ಬಳಕೆಯಿಂದ ನಿಮಿಷಕ್ಕೆ 0ಯಿಂದ 1 ಸೆಂ.ಮೀ.ವರೆಗೆ ಎಷ್ಟು ಬೇಕಾದರೂ ಇಳಿಯಬಹುದು. ಕಂಟ್ರೋಲರ್ 3 ನಿಮಿಷಕ್ಕೊಮ್ಮೆ ಮಟ್ಟ ನೋಡುತ್ತದೆ. 90 ಮುಟ್ಟಿದ್ದರೆ ಅಥವಾ ದಾಟಿದ್ದರೆ ಆಫ್, 20 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಆನ್. ಟ್ಯಾಂಕ್ ಎಂದಾದರೂ ತುಂಬಿ ಹರಿಯುತ್ತದಾ? ಬೆರಳಲ್ಲೇ ಎಣಿಸಬಹುದು. ನೋಡಿದಾಗ 90ಕ್ಕೆ ಒಂದು ಚೂರು ಕಮ್ಮಿ ಇತ್ತು ಎನ್ನಿ. ಮೋಟಾರ್ ಇನ್ನೂ 3 ನಿಮಿಷ ಓಡುತ್ತದೆ, 6 ಸೆಂ.ಮೀ. ಏರುತ್ತದೆ. 96 ಮುಟ್ಟುವ ಮೊದಲೇ ಮುಂದಿನ ಸಲ ನೋಡುವ ಹೊತ್ತು ಬಂದಿರುತ್ತದೆ. ಕೆಳಗೆ ಹೀಗೇ ಎಣಿಸಿದರೆ 17ಕ್ಕಿಂತ ಇಳಿಯುವುದಿಲ್ಲ.

ಸಿಮ್ಯುಲೇಶನ್ ಓಡಿಸಿ ನೋಡಿದರೆ ಆಗಲ್ವಾ ಎನ್ನಬಹುದು. ಬಳಕೆ 0ಗೂ 1ಕ್ಕೂ ನಡುವೆ ಹೇಗೆ ಬೇಕಾದರೂ ಏರಿಳಿಯುವಾಗ ದಾರಿಗಳು ಲೆಕ್ಕವಿಲ್ಲದಷ್ಟು. ಸಾವಿರ ಸಲ ಓಡಿಸಿದರೂ ಸಾವಿರ ದಾರಿ ನೋಡಿದ ಹಾಗಷ್ಟೇ ಆಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ನಿಮ್ಮ ಯಂತ್ರದಲ್ಲಿ ಕಷ್ಟ ಎಲ್ಲಿದೆ. ಬರೀ ಹೊತ್ತಿನಲ್ಲಿ ಇದೆಯಾ, ಅಂದರೆ "ಇಷ್ಟು ಸೆಕೆಂಡಿನೊಳಗೆ ಇದು ಆಗಬೇಕು" ಎಂಬಂಥದ್ದಾ? ಅಥವಾ ವಸ್ತುವಿನ ಚಲನೆಯಲ್ಲಿ ಇದೆಯಾ? ಚಲನೆಯಾದರೆ ಅದರ ಡಿಫರೆನ್ಷಿಯಲ್ ಇಕ್ವೇಶನ್ (ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ಸಮೀಕರಣ) ನೇರ ರೇಖೆಯ ಜಾತಿಯದಾ, ವರ್ಗ-ಘನಗಳಿವೆಯಾ, ಸೈನ್ ಅಥವಾ ಎಕ್ಸ್‌ಪೊನೆನ್ಷಿಯಲ್ (eˣ ಥರದ್ದು) ನುಸುಳಿದೆಯಾ? ಈ ಒಂದು ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು.

ಎರಡನೆಯದು, ಸಂಖ್ಯೆಗಳು ಗೊತ್ತಿವೆಯಾ. ನಿಮ್ಮ ಟ್ಯಾಂಕ್ ಒಂದಕ್ಕೇ ಉತ್ತರ ಸಾಕಾ, ಅಥವಾ ಯಾವ ಎತ್ತರದ, ಯಾವ ಮೋಟಾರಿನ ಟ್ಯಾಂಕಿಗೂ ಸಲ್ಲುವ ಸೂತ್ರ ಬೇಕಾ?

ಮೂರನೆಯದು, ಎಷ್ಟು ಹೊತ್ತಿನವರೆಗೆ. ಮುಂದಿನ ಒಂದು ಗಂಟೆಗೆ ಸುರಕ್ಷಿತ ಎಂದರೆ ಕೆಲವರಿಗೆ ಸಾಕು. ಎಂದೆಂದಿಗೂ ಎಂದರೆ ಬೇರೆಯೇ ದಾರಿ.

ನಾಲ್ಕನೆಯದು, ಉತ್ತರವನ್ನು ಯಾರಿಗೆ ತೋರಿಸಬೇಕು. ನಿಮ್ಮ ತಂಡಕ್ಕೆ ಬಗ್ ಸಿಕ್ಕರೆ ಸಾಕಾ, ಪ್ರಮಾಣಪತ್ರ ಕೊಡುವವರು ಒಪ್ಪುವ ಸಾಕ್ಷಿ ಬೇಕಾ? ವಿಮಾನದ ಸಾಫ್ಟ್‌ವೇರಿಗೆ ಡಿಓ-178ಸಿ ಜೊತೆಗೇ 2011ರಲ್ಲಿ ಬಂದ ಡಿಓ-333 ಎಂಬ ನಿಯಮಾವಳಿ ಇಂಥ ತರ್ಕದ ಸಾಕ್ಷಿಗೆ ಜಾಗ ಕೊಟ್ಟಿದೆ. ಆದರೆ "ನಿಮ್ಮ ಟೂಲನ್ನೇ ಯಾಕೆ ನಂಬಬೇಕು?" ಎಂಬ ಮರುಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇರಬೇಕು.

ದುಡ್ಡಿನ ಮಾತು ಕೊನೆಗೆ. ಇಲ್ಲಿ ಹೆಚ್ಚು ಖರ್ಚಾಗುವುದು ನಿಮ್ಮ ವಾರಗಳು, ಕೆಲವು ಕಡೆ ಮ್ಯಾಟ್‌ಲ್ಯಾಬ್ ಎಂಬ ಗಣಿತದ ಸಾಫ್ಟ್‌ವೇರಿನ ಲೈಸೆನ್ಸ್.

ಝೆಡ್3: ಮೊದಲು ಇದನ್ನೇ ಮುಟ್ಟಿ

ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ಟೂಲ್. 2015ರಿಂದ ಮುಕ್ತ. ಪೈಥಾನ್ ಬರುವವರು ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳಬಹುದು. ಇದಕ್ಕೆ ಚಲನೆ, ಹೊತ್ತು ಏನೂ ಗೊತ್ತಿಲ್ಲ. ಶರತ್ತುಗಳ ಒಂದು ಗಂಟು ಕೊಟ್ಟರೆ, ಅವೆಲ್ಲಕ್ಕೂ ಒಟ್ಟಿಗೆ ಹೊಂದುವ ಸಂಖ್ಯೆಗಳಿವೆಯಾ ಎಂದು ಹುಡುಕುತ್ತದೆ. ಇದ್ದರೆ ಸಂಖ್ಯೆಗಳನ್ನೇ ಕೊಡುತ್ತದೆ. ಇಲ್ಲದಿದ್ದರೆ "ಇಲ್ಲವೇ ಇಲ್ಲ" ಎನ್ನುತ್ತದೆ. ಕೆಲವೊಮ್ಮೆ "ಗೊತ್ತಿಲ್ಲ" ಎಂದು ಕೈಚೆಲ್ಲುವುದೂ ಉಂಟು.

ಟ್ಯಾಂಕಿನಲ್ಲಿ ಏರಿಕೆ ನೇರ ರೇಖೆಯದು, ಇಕ್ವೇಶನ್ನನ್ನು ಕೈಯಲ್ಲೇ ಬಿಡಿಸಿಬಿಡಬಹುದು. ಹಾಗಾಗಿ ಹೀಗೆ ಕೇಳಿ: ಮಟ್ಟ 90ಕ್ಕಿಂತ ಕಮ್ಮಿ, ಕಳೆದ ಹೊತ್ತು 0ಯಿಂದ 3, ಬಳಕೆ 0ಯಿಂದ 1 ಇದ್ದಾಗ, ಮಟ್ಟ + (2 − ಬಳಕೆ) × ಹೊತ್ತು 100 ದಾಟಬಹುದಾ? "ಇಲ್ಲವೇ ಇಲ್ಲ" ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. 100ರ ಬದಲು 95 ಹಾಕಿ. ಈಗ ದಾಟುವ ಒಂದು ಸಂದರ್ಭವನ್ನು ತಾನೇ ಹುಡುಕಿಕೊಡುತ್ತದೆ.

ಬರೆಯಬೇಕಾದದ್ದು ಹತ್ತು-ಹದಿನೈದು ಸಾಲು. ಕಲಿಯಲು ಒಂದು ಸಂಜೆ. ಮಿತಿಯೂ ಸ್ಪಷ್ಟ: ಇಕ್ವೇಶನ್ ಬಿಡಿಸಿದ್ದು ನೀವು, ಝೆಡ್3 ಅಲ್ಲ. ಅಲ್ಲಿ ನೀವು ಎಡವಿದರೆ ಅದಕ್ಕೆ ತಿಳಿಯುವುದಿಲ್ಲ. ಆದರೂ ಸುಮ್ನೆ ದೊಡ್ಡ ಟೂಲ್ ಹಿಡಿದು ಒದ್ದಾಡುವ ಎಷ್ಟೋ ಪ್ರಾಜೆಕ್ಟ್‌ಗಳಿಗೆ ಇಷ್ಟೇ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ.

ಯುಪ್ಪಾಲ್: ಕಷ್ಟ ಹೊತ್ತಿನಲ್ಲಿದ್ದರೆ

ಸ್ವೀಡನ್ನಿನ ಉಪ್ಸಲಾ ಮತ್ತು ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಟೂಲ್. ಎರಡೂ ಊರಿನ ಹೆಸರು ಸೇರಿಯೇ ಇದರ ಹೆಸರು. ಬುಡದಲ್ಲಿರುವುದು ರಾಜೀವ್ ಅಲೂರ್ ಮತ್ತು ಡೇವಿಡ್ ಡಿಲ್ 1990ರ ದಶಕದ ಆರಂಭದಲ್ಲಿ ಕೊಟ್ಟ ಟೈಮ್ಡ್ ಆಟೊಮೇಟಾ. ಸ್ಥಿತಿಗಳನ್ನು ವೃತ್ತಗಳಾಗಿ ಬಿಡಿಸುತ್ತೀರಿ, ಬಾಣಗಳ ಮೇಲೆ ಗಡಿಯಾರದ ಶರತ್ತು ಬರೆಯುತ್ತೀರಿ. ಯಂತ್ರದ ಇಂಥ ನಕ್ಷೆಗೆ ಮಾಡೆಲ್ ಎನ್ನುತ್ತಾರೆ. ಮಾಡೆಲ್‌ನ ಎಲ್ಲ ದಾರಿಗಳನ್ನೂ ಅದೇ ತಡಕುತ್ತದೆ. ತಪ್ಪು ಸಿಕ್ಕರೆ ಅಲ್ಲಿಗೆ ಹೋದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ತೋರಿಸುತ್ತದೆ. ಉತ್ತರವನ್ನು ಇದಕ್ಕಿಂತ ಬೇಗ ಅರ್ಥ ಮಾಡಿಸುವ ಟೂಲ್ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಟ್ಯಾಂಕಿನ ವಿಷಯದಲ್ಲಿ ಯಾವ ಪ್ರಶ್ನೆಗೆ ಇದು ಒಗ್ಗುತ್ತದೆ ನೋಡಿ. ಮೋಟಾರ್ ಶುರುವಾಗಿ 30 ಸೆಕೆಂಡಾದರೂ ನೀರು ಬರದಿದ್ದರೆ ನಿಲ್ಲಿಸಬೇಕು, ಸಂಪ್ ಖಾಲಿ ಇರಬಹುದು. ಕರೆಂಟ್ ಹೋಗಿ ಬಂದರೆ 2 ನಿಮಿಷ ಕಾಯಬೇಕು. ಎರಡು ಮನೆಗೆ ಒಂದೇ ಸಂಪ್ ಇದ್ದರೆ ಎರಡು ಮೋಟಾರ್ ಒಟ್ಟಿಗೆ ಓಡಬಾರದು, ಹಾಗಂತ ಒಬ್ಬರ ಸರದಿ ಬರದೇ ಹೋಗಲೂಬಾರದು. ಇಂಥ ಪೈಪೋಟಿ, ಕಾಯುವಿಕೆ, ಸಂದೇಶಗಳ ಸಿಕ್ಕು ಬಿಡಿಸುವುದರಲ್ಲಿ ಯುಪ್ಪಾಲ್ ಎತ್ತಿದ ಕೈ. ಬ್ಯಾಂಗ್ ಅಂಡ್ ಓಲುಫ್‌ಸೆನ್ ಕಂಪನಿಯ ಆಡಿಯೊ-ವಿಡಿಯೊ ಸಾಧನಗಳ ಪ್ರೋಟೋಕಾಲ್‌ನಲ್ಲಿ ಆಗಾಗ ಸಂದೇಶಗಳು ಕಳೆದುಹೋಗುತ್ತಿದ್ದವು. ಟೆಸ್ಟಿಂಗ್‌ನಲ್ಲಿ ಕಾರಣ ಸಿಕ್ಕಿರಲಿಲ್ಲ. 1997ರಲ್ಲಿ ಯುಪ್ಪಾಲ್ ತಪ್ಪಿನ ದಾರಿ ಹಿಡಿದುಕೊಟ್ಟಿತು, ತಿದ್ದಿದ್ದು ಸರಿ ಎಂದೂ ಖಾತ್ರಿ ಮಾಡಿತು.

ಆದರೆ ನೀರಿನ ಮಟ್ಟವನ್ನು ಗಡಿಯಾರವಾಗಿ ಬರೆಯಲು ಬರುವುದಿಲ್ಲ. ಗಡಿಯಾರಗಳೆಲ್ಲ ಒಂದೇ ವೇಗದಲ್ಲಿ ಓಡಬೇಕು, ಪೂರ್ಣಾಂಕಗಳ ಜೊತೆ ಮಾತ್ರ ಹೋಲಿಸಬೇಕು. ಈ ಕಟ್ಟುಪಾಡು ಇರುವುದರಿಂದಲೇ ಉತ್ತರ ಖಚಿತವಾಗಿ ಸಿಗುತ್ತದೆ. ಬೇರೆ ಬೇರೆ ವೇಗದ ಚಲನೆಯನ್ನು ಮುಕ್ತವಾಗಿ ಒಳಗೆ ಬಿಟ್ಟರೆ, ಎಲ್ಲ ಮಾಡೆಲ್‌ಗೂ ಉತ್ತರ ಕೊಡುವ ಅಲ್ಗಾರಿದಂ ಇರಲು ಸಾಧ್ಯವೇ ಇಲ್ಲ ಎಂದು 1990ರ ದಶಕದಲ್ಲೇ ಸಾಧಿತವಾಗಿದೆ. ಯುಪ್ಪಾಲ್‌ನ ಎಸ್‌ಎಂಸಿ (ಸ್ಟ್ಯಾಟಿಸ್ಟಿಕಲ್ ಮಾಡೆಲ್ ಚೆಕಿಂಗ್) ಎಂಬ ಭಾಗ ಬೇರೆ ವೇಗಗಳನ್ನೂ ಒಪ್ಪುತ್ತದೆ. ಅದು ಕೊಡುವುದು ಸಿಮ್ಯುಲೇಶನ್‌ಗಳಿಂದ ಲೆಕ್ಕ ಹಾಕಿದ ಸಂಭವನೀಯತೆ. ಖಚಿತ ಉತ್ತರವನ್ನೂ ಈ ಸಂಭವನೀಯತೆಯನ್ನೂ ಒಂದೇ ರಿಪೋರ್ಟಿನಲ್ಲಿ ಕಲಸಿಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಯುಪ್ಪಾಲ್‌ನ ಗಡಿಯಾರ ಎಂದೂ ತಪ್ಪು ಹೊತ್ತು ತೋರಿಸುವುದಿಲ್ಲ. ನಿಜವಾದ ಯಂತ್ರದ್ದು ತೋರಿಸುತ್ತದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಹೊತ್ತನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿದ್ದರು. ಹತ್ತನೇ ಒಂದನ್ನು ಬೈನರಿಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. 24 ಬಿಟ್‌ಗೆ ಕತ್ತರಿಸಿದ ಆ ಚೂರು, 100 ಗಂಟೆ ಓಡಿದ ಮೇಲೆ ಸುಮಾರು 0.34 ಸೆಕೆಂಡಿನಷ್ಟಾಗಿತ್ತು. ಸ್ಕಡ್‌ನ ವೇಗಕ್ಕೆ ಅದು ಅರ್ಧ ಕಿಲೋಮೀಟರಿಗೂ ಜಾಸ್ತಿ. ಆ ಜಾರುವಿಕೆಯನ್ನು ನೀವೇ ಮಾಡೆಲ್‌ನಲ್ಲಿ ಬರೆಯದಿದ್ದರೆ ಯುಪ್ಪಾಲ್ ಹಸಿರು ದೀಪ ತೋರಿಸುತ್ತದೆ.

ಕಾಲೇಜಿನವರಿಗೆ ಉಚಿತ, ಕಂಪನಿಗಳಿಗೆ ಲೈಸೆನ್ಸ್ ಬೇಕು. ಅದು ಬೇಡ ಎನ್ನುವವರಿಗೆ ಫ್ರಾನ್ಸಿನ ಬೋರ್ಡೋದ ಟಿಚೆಕರ್ ಎಂಬ ಮುಕ್ತ ಟೂಲ್ ಇದೆ. ಅದರ ಹಿಂದಿರುವ ಅಲ್ಗಾರಿದಂಗಳಲ್ಲಿ ಚೆನ್ನೈ ಗಣಿತ ಸಂಸ್ಥೆಯವರ ಕೆಲಸವೂ ಸೇರಿದೆ. ಚಿತ್ರ ಬಿಡಿಸುವ ಸೌಕರ್ಯ ಅದರಲ್ಲಿಲ್ಲ, ಮಾಡೆಲ್‌ನ್ನು ಅಕ್ಷರದಲ್ಲೇ ಬರೆಯಬೇಕು.

ಕೀಮೆರಾ ಎಕ್ಸ್: ಸೂತ್ರವೇ ಬೇಕು ಎನ್ನುವವರಿಗೆ

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಂಡ್ರೆ ಪ್ಲಾಟ್ಸರ್ ಮತ್ತು ಅವರ ತಂಡ ಕಟ್ಟಿದ್ದು, 2015ರಲ್ಲಿ ಬಂತು. ಇದರ ತರ್ಕದಲ್ಲಿ ಪ್ರೋಗ್ರಾಂ ಮತ್ತು ಡಿಫರೆನ್ಷಿಯಲ್ ಇಕ್ವೇಶನ್ ಒಂದೇ ವಾಕ್ಯದಲ್ಲಿ ಬರುತ್ತವೆ. ಸಂಖ್ಯೆಗಳ ಬದಲು ಅಕ್ಷರಗಳನ್ನೇ ಇಟ್ಟು ಸಾಧಿಸಬಹುದು.

ಟ್ಯಾಂಕಿಗೆ ಇದು ಕೊಡುವ ಉತ್ತರ ನೋಡಿ. ಮಟ್ಟ + ಏರಿಕೆಯ ದರ × ನೋಡುವ ಅವಧಿ ≤ ಟ್ಯಾಂಕಿನ ಎತ್ತರ ಎಂಬುದು ನಿಜವಿದ್ದಾಗ ಮಾತ್ರ ಮೋಟಾರ್ ಆನ್ ಇಡುವ ಕಂಟ್ರೋಲರ್ ಇದ್ದರೆ, ಯಾವ ಟ್ಯಾಂಕೂ ಯಾವ ಕಾಲಕ್ಕೂ ತುಂಬಿ ಹರಿಯದು. 100, 2, 3 ಎಲ್ಲ ಹೋಯಿತು. ನಾಳೆ ದೊಡ್ಡ ಮೋಟಾರ್ ಹಾಕಿದರೂ ಮತ್ತೆ ಸಾಧಿಸಬೇಕಿಲ್ಲ.

ಇನ್ನೂ ಒಂದು ಸೊಗಸಿದೆ. ನಿಜವಾದ ಟ್ಯಾಂಕಿನ ತಳದಿಂದ ನೀರು ಹೋಗುವ ವೇಗ ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಆಗ ಇಕ್ವೇಶನ್ ಬಿಡಿಸುವುದು ರಗಳೆ. ಕೀಮೆರಾ ಎಕ್ಸ್‌ನಲ್ಲಿ ಬಿಡಿಸುವುದೇ ಬೇಡ. ಹೊರಗೆ ಹೋಗುವ ನೀರು ಎಂದೂ ಸೊನ್ನೆಗಿಂತ ಕಮ್ಮಿಯಲ್ಲ ಎಂದಷ್ಟು ಹೇಳಿದರೆ ಸಾಕು. ಆಗ ನೀರು ಏರುವ ವೇಗ ಮೋಟಾರಿನ ದರವನ್ನು ಮೀರುವುದಿಲ್ಲ. ಹಾಗಾಗಿ ಮಟ್ಟ ≤ ಹಳೆಯ ಮಟ್ಟ + ದರ × ಕಳೆದ ಹೊತ್ತು ಎಂಬುದು ಕೆಡುವುದಿಲ್ಲ. ಹರಿಯುವಾಗಲೂ ಕೆಡದೆ ಉಳಿಯುವ ಇಂಥ ಸಂಬಂಧಕ್ಕೆ ಇನ್‌ವೇರಿಯಂಟ್ ಎನ್ನುತ್ತಾರೆ. ಅದನ್ನು ಹುಡುಕುವುದೇ ಇಲ್ಲಿನ ನಿಜವಾದ ಕೆಲಸ. ಟೂಲ್ ಒಂದಿಷ್ಟು ಸಹಾಯ ಮಾಡುತ್ತದೆ. ಗಟ್ಟಿ ಮಾಡೆಲ್‌ಗಳಲ್ಲಿ ತಲೆ ನಿಮ್ಮದೇ ಓಡಬೇಕು.

ಯುರೋಪಿನ ರೈಲು ನಿಯಂತ್ರಣ ವ್ಯವಸ್ಥೆಯನ್ನು, ವಿಮಾನಗಳ ಡಿಕ್ಕಿ ತಪ್ಪಿಸುವ ಎಕಾಸ್ ಎಕ್ಸ್ ಅನ್ನು ಈ ತರ್ಕದಿಂದಲೇ ಪರಿಶೀಲಿಸಿದ್ದಾರೆ. ಎಕಾಸ್ ಎಕ್ಸ್‌ನ ಸಲಹೆ ಸುರಕ್ಷಿತವಲ್ಲದ ಕೆಲವು ಸಂದರ್ಭಗಳೂ ಆ ಕೆಲಸದಲ್ಲಿ ಕಂಡುಬಂದವು.

ನಂಬಿಕೆಯ ಪ್ರಶ್ನೆಗೆ ಇದರ ಉತ್ತರ ಗಟ್ಟಿ. ತಪ್ಪಿದರೆ ಸಾಧನೆಯೇ ಕೆಡುವಂಥ ಒಳತಿರುಳು ಸುಮಾರು 1,700 ಸಾಲಿನ ಕೋಡ್ ಮಾತ್ರ, ಕುಳಿತು ಓದಿಬಿಡಬಹುದು. ಒಂದು ಕೊಸರು ಉಳಿಯುತ್ತದೆ: ಕೊನೆಯ ಅಂಕಗಣಿತವನ್ನು ಇದು ಮ್ಯಾಥಮ್ಯಾಟಿಕಾ ಎಂಬ ಗಣಿತದ ಸಾಫ್ಟ್‌ವೇರಿಗೋ ಝೆಡ್3ಗೋ ಒಪ್ಪಿಸುತ್ತದೆ, ಅವನ್ನೂ ನಂಬಬೇಕು. ವಾಸ್ತವ ಸಂಖ್ಯೆಗಳ ಮೇಲಿನ ಕೂಡು-ಗುಣಿಸುಗಳ ಅಂಥ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುತ್ತದೆ ಎಂದು ತರ್ಕಶಾಸ್ತ್ರಜ್ಞ ಆಲ್ಫ್ರೆಡ್ ತಾರ್ಸ್ಕಿ ಬಹಳ ಹಿಂದೆಯೇ ತೋರಿಸಿದ್ದಾರೆ. ಆದರೆ ಚರಾಕ್ಷರ ಜಾಸ್ತಿಯಾದಂತೆ ಹಿಡಿಯುವ ಹೊತ್ತು ಘಾತದ ಮೇಲೆ ಘಾತವಾಗಿ ಬೆಳೆಯಬಹುದು. ಎಂಟು-ಹತ್ತು ಚರಾಕ್ಷರ ಇದ್ದರೆ ಪ್ರಶ್ನೆಯನ್ನು ತುಂಡು ಮಾಡಿಯೇ ಕೊಡಿ.

ಹೊಸಬರು ಬೀಳುವ ಹಳ್ಳವನ್ನೂ ಹೇಳಿಬಿಡುತ್ತೇನೆ. ಚಲನೆಯ ಜೊತೆಗೆ "ಇದು ಈ ಮಿತಿಯೊಳಗೆ ನಡೆಯುತ್ತದೆ" ಎಂದು ಬರೆಯುವ ಜಾಗವಿದೆ. ಅಲ್ಲಿ ಮಟ್ಟ ≤ ಎತ್ತರ ಎಂದು ಬರೆದರೆ ಸಾಧನೆ ತಕ್ಷಣ ಮುಗಿಯುತ್ತದೆ. ಮುಗಿಯದೆ ಏನು! ತುಂಬಿ ಹರಿಯಬಾರದು ಎಂದು ನೀರಿಗೇ ಕಾನೂನು ಮಾಡಿದ್ದೀರಿ. ಕಂಟ್ರೋಲರ್‌ಗೆ ಕೆಲಸವೇ ಉಳಿದಿಲ್ಲ.

ಟೂಲ್ ಉಚಿತ, ಮ್ಯಾಥಮ್ಯಾಟಿಕಾಗೆ ದುಡ್ಡು, ಝೆಡ್3 ಸಾಕೆಂದರೆ ಅದೂ ಇಲ್ಲ. ಕಲಿಯಲು ಒಂದು ಸೆಮಿಸ್ಟರ್ ಇಟ್ಟುಕೊಳ್ಳಿ. ಸಾಧನೆ ಮುಗಿದ ಮೇಲೆ ಇದರ ಮಾಡೆಲ್‌ಪ್ಲೆಕ್ಸ್ ಎಂಬ ಭಾಗ ಕಾವಲು ಶರತ್ತುಗಳನ್ನು ತಯಾರಿಸಿಕೊಡುತ್ತದೆ. ನಿಜವಾದ ಯಂತ್ರ ಮಾಡೆಲ್‌ನಂತೆ ನಡೆಯುತ್ತಿದೆಯಾ ಎಂದು ಓಡುವಾಗಲೇ ನೋಡಬಹುದು. ಪೇಟ್ರಿಯಟ್‌ನಂಥ ಕಥೆ ಓದಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕೊಳವೆ ಎಳೆಯುವವರು: ಸ್ಪೇಸ್‌ಎಕ್ಸ್, ಫ್ಲೋಸ್ಟಾರ್, ಕೋರಾ

ಸ್ಪೇಸ್‌ಎಕ್ಸ್ ಎಂದರೆ ಇಲ್ಲಿ ಆ ರಾಕೆಟ್ ಕಂಪನಿಯಲ್ಲ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 2011ರಲ್ಲಿ ಹೊರಬಂದ ಟೂಲ್. ಒಂದು ಸ್ಥಿತಿಯ ಬದಲು ಸ್ಥಿತಿಗಳ ಗುಂಪನ್ನೇ ಮುಂದಕ್ಕೆ ಓಡಿಸುತ್ತದೆ. ಯಂತ್ರ ಹೋಗಬಹುದಾದ ಎಲ್ಲ ಜಾಗವನ್ನೂ ಒಳಗೊಂಡ ಒಂದು ಕೊಳವೆ ಸಿಗುತ್ತದೆ. ಕೊಳವೆ ಅಪಾಯದ ಜಾಗ ಮುಟ್ಟದಿದ್ದರೆ ಸುರಕ್ಷಿತ. ಮುಟ್ಟಿದರೆ? ಏನೂ ಹೇಳಲಾಗದು. ಕೊಳವೆ ನಿಜಕ್ಕಿಂತ ದಪ್ಪ ಇರುತ್ತದೆ, ಸುಳ್ಳು ಎಚ್ಚರಿಕೆಯೂ ಆಗಿರಬಹುದು.

ನೇರ ರೇಖೆಯ ಜಾತಿಯ ಇಕ್ವೇಶನ್‌ಗಳಿದ್ದರೆ ಸ್ಪೇಸ್‌ಎಕ್ಸ್‌ಗೆ ಸಾಟಿ ಕಷ್ಟ. 28 ಚರಾಕ್ಷರಗಳ ಹೆಲಿಕಾಪ್ಟರ್ ಮಾಡೆಲ್ ಅದರ ಹೆಸರಾಂತ ಉದಾಹರಣೆ, ಕೀಮೆರಾ ಎಕ್ಸ್‌ನಲ್ಲಿ ಅದನ್ನು ಊಹಿಸಿಕೊಳ್ಳುವುದೂ ಬೇಡ. ವಕ್ರ ಇಕ್ವೇಶನ್‌ಗಳಿಗೆ ಫ್ಲೋಸ್ಟಾರ್. ಮ್ಯಾಟ್‌ಲ್ಯಾಬ್ ಇದ್ದವರಿಗೆ ಮ್ಯೂನಿಕ್‌ನ ಕೋರಾ, ಇಲ್ಲದವರಿಗೆ ಜೂಲಿಯಾರೀಚ್. ಎಲ್ಲಕ್ಕೂ ಸಂಖ್ಯೆಗಳು ಬೇಕು, ಸಾಮಾನ್ಯವಾಗಿ ಹೊತ್ತಿಗೂ ಒಂದು ಮಿತಿ ಬೇಕು. ಸ್ಪೇಸ್‌ಎಕ್ಸ್ ಮಾಮೂಲಿ ದಶಮಾಂಶ ಲೆಕ್ಕ ಮಾಡುತ್ತದೆ, ಕೊನೆಯ ಅಂಕಿಗಳ ತಪ್ಪಿಗೆ ಹೊಣೆಯಿಲ್ಲ. ಫ್ಲೋಸ್ಟಾರ್ ಆ ತಪ್ಪನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಪ್ರಮಾಣಪತ್ರದ ದಾರಿಯಲ್ಲಿರುವವರು ಈ ವ್ಯತ್ಯಾಸ ನೆನಪಿಡಿ.

ಡಿರಿಯಲ್, ಮತ್ತು ತಪ್ಪು ಹುಡುಕುವ ಟೂಲ್‌ಗಳು

ಸೈನ್, ಎಕ್ಸ್‌ಪೊನೆನ್ಷಿಯಲ್ ಬಂದ ಕೂಡಲೇ ತಾರ್ಸ್ಕಿಯ ಭರವಸೆ ಮುಗಿಯುತ್ತದೆ. ಡಿರಿಯಲ್ ಅಲ್ಲಿ ಒಂದು ರಾಜಿ ಮಾಡಿಕೊಳ್ಳುತ್ತದೆ. ನೀವು ಒಂದು ಸಣ್ಣ ಸಡಿಲ ಕೊಡಬೇಕು, 0.001 ಎನ್ನಿ. ಅದು "ಪರಿಹಾರ ಇಲ್ಲ" ಎಂದರೆ ಕಣ್ಣುಮುಚ್ಚಿ ನಂಬಬಹುದು. "ಇದೆ" ಎಂದರೆ, ಶರತ್ತುಗಳನ್ನು ಅಷ್ಟು ಸಡಿಲಿಸಿದರೆ ಇದೆ ಎಂದು ಅರ್ಥ. ಉಚಿತ, ಮುಕ್ತ. ರೋಬಾಟ್ ತೋಳು, ಹೃದಯದ ಜೀವಕೋಶದ ಮಾಡೆಲ್‌ನಂಥ ಕಡೆ ಬೇರೆ ದಾರಿ ಕಮ್ಮಿ.

ಬ್ರೀಚ್, ಎಸ್-ಟಲಿರೊ ಬೇರೆ ಜಾತಿ. ಇವು ಸಾಧಿಸುವುದಿಲ್ಲ, ಕೆಡಿಸಲು ನೋಡುತ್ತವೆ. "ಮಟ್ಟ ಎಂದೂ 100 ದಾಟಬಾರದು" ಎಂಬುದನ್ನು ಸಿಗ್ನಲ್ ಟೆಂಪೊರಲ್ ಲಾಜಿಕ್‌ನಲ್ಲಿ (ಹೊತ್ತಿನ ಜೊತೆ ಬದಲಾಗುವ ಸಂಖ್ಯೆಗಳಿಗೆ ನಿಯಮ ಬರೆಯುವ ಭಾಷೆ) ಬರೆದರೆ, ಪ್ರತಿ ಸಿಮ್ಯುಲೇಶನ್‌ಗೂ ಎಷ್ಟು ಅಂತರ ಉಳಿಯಿತು ಎಂದು ಅಳೆಯುತ್ತವೆ. ಆ ಅಂತರ ಕಮ್ಮಿಯಾಗುವ ಕಡೆಗೇ ಮುಂದಿನ ಸಿಮ್ಯುಲೇಶನ್‌ಗಳನ್ನು ಓಡಿಸುತ್ತವೆ. ಕಂಪನಿಯವರು ಸಿಮ್ಯುಲಿಂಕ್‌ನಲ್ಲಿ (ಮ್ಯಾಟ್‌ಲ್ಯಾಬ್ ಜೊತೆಗಿನ, ಬ್ಲಾಕ್ ಜೋಡಿಸುವ ಸಾಫ್ಟ್‌ವೇರ್) ಮಾಡಿದ ಮಾಡೆಲ್‌ನ್ನು ಇದ್ದ ಹಾಗೇ ಒಪ್ಪುವುದು ಇವುಗಳ ದೊಡ್ಡ ಅನುಕೂಲ. ಉಳಿದ ಟೂಲ್‌ಗಳಿಗೆ ಮಾಡೆಲ್ ಮತ್ತೆ ಬರೆಯಬೇಕು.

ಇಸಬೆಲ್, ರಾಕ್, ಲೀನ್‌ನಂಥವು, ಅಂದರೆ ನೀವು ಹೆಜ್ಜೆ ಹೆಜ್ಜೆಯಾಗಿ ಬರೆದ ಸಾಧನೆಯನ್ನು ಪರೀಕ್ಷಿಸುವ ಟೂಲ್‌ಗಳು, ಯಾವ ಗಣಿತವನ್ನೂ ಸಾಧಿಸಬಲ್ಲವು. ಆದರೆ ಗಡುವು ಇರುವ ಪ್ರಾಜೆಕ್ಟ್‌ಗೆ ಬೇಡ.

ಟ್ಯಾಂಕಿನ ಎತ್ತರ 96 ಆದರೆ?

ಇಷ್ಟರ ಗುಣವೂ ಒಂದೇ ಕಡೆ ಕಾಣಬೇಕೆಂದರೆ 100 ತೆಗೆದು 96 ಹಾಕಿ. ಗಣಿತದ ಪ್ರಕಾರ ಈಗಲೂ ತುಂಬಿ ಹರಿಯುವುದಿಲ್ಲ. ಝೆಡ್3, ಕೀಮೆರಾ ಎಕ್ಸ್ ಎರಡೂ ಅದನ್ನೇ ಹೇಳುತ್ತವೆ. ಕೊಳವೆಯ ಟೂಲ್‌ಗಳು ಗಡಿ ಮುಟ್ಟಿ "ಗೊತ್ತಿಲ್ಲ"ದ ಕಡೆ ವಾಲುತ್ತವೆ. 96 ಮುಟ್ಟಬಹುದಾ ಎಂದು ಡಿರಿಯಲ್‌ಗೆ ಕೇಳಿದರೆ, ಸಡಿಲಿಸಿದರೆ ಮುಟ್ಟುತ್ತದೆ ಎನ್ನುತ್ತದೆ. ಬ್ರೀಚ್‌ನಲ್ಲಿ ಅಂತರ ಸೊನ್ನೆಯ ಹತ್ತಿರ ಬರುತ್ತದೆ, ತಪ್ಪು ಮಾತ್ರ ಸಿಗುವುದಿಲ್ಲ.

ಯಾರು ಸರಿ? ಮಾಡೆಲ್ ಬಗ್ಗೆ ಕೇಳಿದರೆ ಮೊದಲಿನ ಎರಡು. ಮಾಳಿಗೆ ಮೇಲಿನ ಟ್ಯಾಂಕಿನ ಬಗ್ಗೆ ಕೇಳಿದರೆ ನಾನು ಡಿರಿಯಲ್ ಕಡೆ. ಸೆನ್ಸರ್ ಒಂದು ಸೆಂ.ಮೀ. ತಪ್ಪು ತೋರಿಸಿದರೆ ನೀರು ಕೆಳಗೆ ಬರುತ್ತದೆ.

ಯಾರಿಗೆ ಯಾವುದು

ಒಂದು ತಿಂಗಳಲ್ಲಿ ಏನಾದರೂ ತೋರಿಸಲೇಬೇಕಾದ ವಿದ್ಯಾರ್ಥಿಗೆ ಯುಪ್ಪಾಲ್. ಚಿತ್ರವಿದೆ, ಓಡಿಸಿ ತೋರಿಸಬಹುದು, ಪರೀಕ್ಷಕರಿಗೂ ತಿಳಿಯುತ್ತದೆ. ಪಿಎಚ್‌ಡಿ ಯೋಚನೆ ಇದ್ದು ಗಣಿತ ಇಷ್ಟವಾದರೆ ಕೀಮೆರಾ ಎಕ್ಸ್‌ಗೆ ಹಾಕಿದ ಸೆಮಿಸ್ಟರ್ ವ್ಯರ್ಥವಾಗುವುದಿಲ್ಲ. ಪ್ರೋಟೋಕಾಲ್, ಶೆಡ್ಯೂಲಿಂಗ್, ಪೇಸ್‌ಮೇಕರ್‌ನ ಹೊತ್ತಿನ ಲೆಕ್ಕ ಯಾವುದಿದ್ದರೂ ಮತ್ತೆ ಯುಪ್ಪಾಲೇ. ಕಂಟ್ರೋಲ್ ಎಂಜಿನಿಯರ್ ಆಗಿದ್ದು ಕೈಯಲ್ಲಿ ದೊಡ್ಡ ಲೀನಿಯರ್ (ನೇರ ರೇಖೆಯ ಜಾತಿಯ) ಮಾಡೆಲ್ ಇದ್ದರೆ ಸ್ಪೇಸ್‌ಎಕ್ಸ್ ಅಥವಾ ಕೋರಾ. ಸಿಮ್ಯುಲಿಂಕ್‌ನಲ್ಲಿ ನೂರಾರು ಬ್ಲಾಕ್ ಇರುವ ಕಂಪನಿಯವರು ಮೊದಲು ಬ್ರೀಚ್ ಹಾಕಿ ಸುಲಭದ ತಪ್ಪುಗಳನ್ನು ತೆಗೆಯಿರಿ. ಆಮೇಲೆ ಜೀವಕ್ಕೆ ಸಂಬಂಧಿಸಿದ ಒಂದೆರಡು ನಿಯಮಗಳನ್ನಷ್ಟೇ ಚಿಕ್ಕ ಮಾಡೆಲ್ ಮಾಡಿ ಕೀಮೆರಾ ಎಕ್ಸ್‌ಗೆ ಒಯ್ಯಿರಿ. ಇಡೀ ಸಿಸ್ಟಂ ಸಾಧಿಸುತ್ತೇನೆ ಎಂದು ಮ್ಯಾನೇಜರಿಗೆ ಮಾತು ಕೊಡಬೇಡಿ.

ಯಾವುದನ್ನೇ ಆರಿಸಿದರೂ, ಮೊದಲ "ಸುರಕ್ಷಿತ" ಬಂದ ದಿನವೇ ಮಾಡೆಲ್‌ನ್ನು ಬೇಕಂತಲೇ ಕೆಡಿಸಿ ನೋಡಿ. ಎತ್ತರ 95 ಮಾಡಿ, ನೋಡುವ ಅವಧಿ 3ರ ಬದಲು 6 ಮಾಡಿ. ಆಗಲೂ ಟೂಲ್ "ಸುರಕ್ಷಿತ" ಎಂದರೆ ನಿಮ್ಮ ಮಾಡೆಲ್‌ನಲ್ಲಿ ನೀರು ಹರಿಯುತ್ತಲೇ ಇಲ್ಲ ಎಂದರ್ಥ. ಎಲ್ಲೋ ಶರತ್ತುಗಳು ಒಂದಕ್ಕೊಂದು ಅಡ್ಡ ಬಂದಿವೆ, ಇಲ್ಲವೇ ಗಡಿಯಾರ ನಿಂತಿದೆ. ಅದನ್ನು ಹುಡುಕಿ ಸರಿಮಾಡಿದ ಮೇಲೆಯೇ ರಿಪೋರ್ಟ್ ಬರೆಯಿರಿ.